ಬೆಚ್ಚಗಿನ ತೀರ್ಥ

ಅಲ್ಲಿ, ಕುತ್ತಿಗೆಯ ಗುಳಿಯ ಕೆಳಗೆ, ಜಪಸರ ತೆಗೆದಿಟ್ಟ ಜಾಗದಲ್ಲಿ, ಏನೋ ಬೆಚ್ಚಗೆ ತಾಗಿತು, ಹೋಯಿತು, ಮತ್ತೆ ತಾಗಿತು — ಉಸಿರು, ಉಸಿರೇ ಇದು, ನೊಣ ಕೂತು ಎದ್ದಷ್ಟು ಸಣ್ಣದು, ಆದರೂ ಉಸಿರು, ಬಂತು, ಹೋಯಿತು, ಬಂತು, ಅಲ್ಲಾಡಬೇಡ ಮಹದೇವಮ್ಮ, ಬೆನ್ನು ಹಿಡಿದುಕೊಂಡರೆ ಹಿಡಿದುಕೊಳ್ಳಲಿ, ಕುರ್ಚಿಯ ರೆಕ್ಸಿನ್ನು ಬೆವರಿಗೆ ಅಂಟಿದರೆ ಅಂಟಲಿ, ನಿನ್ನ ಎದೆಯ ಮೇಲೆ ಮಲಗಿರುವುದು ನಿನ್ನ ಮಗಳ ಮಗಳು, ನಿನ್ನೆ ಹುಟ್ಟಿದವಳು, ಎರಡು ತಿಂಗಳು ಕಾಯುವ ತಾಳ್ಮೆಯಿಲ್ಲದೆ ಹುಟ್ಟಿದವಳು, ಸಕ್ಕರೆ ಪೊಟ್ಟಣಕ್ಕಿಂತ ಒಂದು ಹಿಡಿ ಜಾಸ್ತಿ ತೂಗುವವಳು, ಇವಳಿಗೆ ಈಗ ನೀನೇ ಹಾಸಿಗೆ, ನೀನೇ ಕಂಬಳಿ. ರವಿಕೆಯ ಗುಂಡಿ ಬಿಚ್ಚಿಸಿ, ಬಳೆ ತೆಗೆಸಿ, ಜಪಸರ ತೆಗೆಸಿ, ಮೊಣಕೈವರೆಗೆ ಸೋಪು ಹಾಕಿ ತೊಳೆಸಿ ಕೂರಿಸಿದ್ದಾಳೆ ಪದ್ಮಿನಿ ಸಿಸ್ಟರು, ನಮಗೆ ಸಿಸ್ಟರ್ ಎಂದರೆ ಮಠದ ಕನ್ಯಾಸ್ತ್ರೀ, ಇಲ್ಲಿ ಕೊಳ್ಳೇಗಾಲದಲ್ಲಿ ನರ್ಸಮ್ಮನೂ ಸಿಸ್ಟರೇ, ಆಗಲಿ, ಇಬ್ಬರೂ ಗದರುವುದು ಒಂದೇ ರೀತಿ. ತಾಯಿಗೆ ಬೀಪಿ ಇಳಿದಿಲ್ಲ, ಏಳೋ ಹಾಗಿಲ್ಲ, ನೀವು ಅಜ್ಜಿ ತಾನೇ, ಕೂತ್ಕಳಿ, ಬರೀ ಮೈಗೆ ಬರೀ ಮೈ ತಾಗಿದ್ರೆ ಇವು ಚೇತರಿಸ್ಕತವೆ, ಆದ್ರೆ ನೋಡ್ತಾ ಇರ್ಬೇಕು, ಉಸಿರಾಡೋದನ್ನೇ ಮರೆತುಬಿಡ್ತವೆ ಕಣಮ್ಮ ಇವು, ಎದೆ ನಿಂತಂಗೆ ಕಂಡ್ರೆ ಅಂಗಾಲಿಗೆ ಬೆರಳಲ್ಲಿ ಮೆಲ್ಲಗೆ ಚಿಟುಕಿ ಹೊಡೀರಿ, ನನ್ನ ಕೂಗಿ. ಮರೆತುಬಿಡುತ್ತವಂತೆ, ಉಸಿರಾಡುವುದನ್ನು. ಆಡು ಕಟ್ಟುವುದನ್ನು ಮರೆತಿದ್ದೇನೆ, ಒಲೆಯ ಮೇಲೆ ಹಾಲಿಟ್ಟು ಮರೆತಿದ್ದೇನೆ, ಇದನ್ನೂ ಮರೆಯುತ್ತಾರೆಂದು ಈಗ ಗೊತ್ತಾಯಿತು. ಒಂದು ಪಾದಕ್ಕೆ ಸಣ್ಣ ಪಟ್ಟಿ ಸುತ್ತಿ ಗೋಡೆಯ ಯಂತ್ರಕ್ಕೆ ವೈರು ಎಳೆದಿದ್ದಾರೆ, ಅದರೊಳಗೊಂದು ಕೆಂಪು ದೀಪ, ನನ್ನ ಹೆಬ್ಬೆರಳಷ್ಟಿರುವ ಪಾದ ಒಳಗಿನಿಂದಲೇ ಕೆಂಪಗೆ ಬೆಳಗುತ್ತಿದೆ, ಇನ್ನೊಂದು ಪಾದ ಖಾಲಿ, ಅದೇ ನನ್ನದು, ಚಿಟುಕಿ ಹೊಡೆಯಬೇಕಾದದ್ದು. ಸೆರಗಿನ ಅಂಚಿನಿಂದ ಎರಡೂ ಕಾಣುತ್ತವೆ. ಅಲ್ಲಾಡುವುದಿಲ್ಲ, ಒದೆಯುವುದಿಲ್ಲ, ಯಾರೋ ಇಟ್ಟು ಮರೆತು ಹೋದ ಹಾಗೆ ಸುಮ್ಮನಿವೆ.

ಬಾಟ್ಲಿ ಇದೆಯೇ, ಇದೆ, ಸೊಂಟದಲ್ಲಿ ಸೀರೆ ಗಂಟಿನೊಳಗೆ ಒತ್ತುತ್ತಿದೆ, ಮೇರಿ ಮಾತೆಯ ರೂಪದ ಪ್ಲಾಸ್ಟಿಕ್ ಬಾಟ್ಲಿ, ತಲೆಗೆ ನೀಲಿ ಕಿರೀಟ, ಕಿರೀಟ ತಿರುಗಿಸಿದರೆ ಅದೇ ಮುಚ್ಚಳ, ಒಳಗೆ ನಮ್ಮ ಕೋಯಿಲಿನ ತೀರ್ಥ, ಚರ್ಚಿಗೆ ನಾವು ಕೋಯಿಲು ಅನ್ನುವುದು. ಮಾರ್ಟಳ್ಳಿಯಿಂದ ಆಂಬುಲೆನ್ಸು ಹೊರಟಾಗ ನಾನು ಎತ್ತಿಕೊಂಡದ್ದು ಎರಡೇ, ಮಗಳು ಸಗಾಯಮೇರಿಯ ತಾಯಿ ಕಾರ್ಡು ಮತ್ತು ಈ ಬಾಟ್ಲಿ, ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ. ಏಳು ತಿಂಗಳಿಗೆ ಬಾಣಂತನಕ್ಕೆಂದು ಯಳಂದೂರಿನಿಂದ ಕರೆತಂದೆ, ಅಳಿಯ ಉದಯಕುಮಾರ ರೇಷ್ಮೆ ಗೂಡಿನ ಗಾಡಿ ಓಡಿಸುತ್ತಾನೆ, ಮನೆಯಲ್ಲಿ ಇರುವುದೇ ಕಡಿಮೆ, ಒಬ್ಬಳೇ ಯಾಕಿರಬೇಕು ಬಾ ಎಂದೆ, ಬಂದ ವಾರದಲ್ಲೇ ಕಾಲು ಬಾವು, ಬಸುರಿಗೆ ಬಾವು ಸಹಜ ಎಂದೆ, ಆಮೇಲೆ ತಲೆನೋವು, ಆಮೇಲೆ ಅಮ್ಮಾ ಕಣ್ಮುಂದೆ ಮಿಂಚುಹುಳ ಹಾರ್ತಾವೆ ಅಂದಳು, ನಡುಹಗಲಲ್ಲಿ ಎಂಥ ಮಿಂಚುಹುಳ. ರಾಮಾಪುರ ದಾಟುವಾಗ ಅವಳ ಕೈ ಸೆಟೆದುಕೊಂಡಿತು, ಅಜ್ಜೀಪುರದ ಹತ್ತಿರ ದನದ ಹಿಂಡು ಅಡ್ಡ, ಹನೂರಿನಲ್ಲಿ ಸಂತೆಯ ಜನ, ನಾನು ಕಿಟಕಿಯ ಗಾಜಿಗೆ ಹಣೆ ಒತ್ತಿ ದನಗಳನ್ನೂ ಬೈದೆ, ದೇವರನ್ನೂ ಬೈದೆ, ಯಾರನ್ನು ಹೆಚ್ಚು ಬೈದೆನೋ ನೆನಪಿಲ್ಲ. ಇಲ್ಲಿ ಹೊಟ್ಟೆ ಕೊಯ್ದು ತೆಗೆದರು, ಮಗು ಅಳಲಿಲ್ಲ. ಡಾಕ್ಟರು ಚಿಕ್ಕ ಹುಡುಗ, ಕನ್ನಡಕ ಒರೆಸಿಕೊಳ್ಳುತ್ತಾ, ಎರಡು ದಿನ ಕಳೀಲಿ ಅಜ್ಜಿ, ಆಮೇಲೆ ಮಾತಾಡೋಣ ಎಂದ, ಅಷ್ಟು ಹೇಳಿದರೆ ಅರ್ಥವಾಗದ ಪೆದ್ದಿಯಲ್ಲ ನಾನು. ಕೊಳ್ಳೇಗಾಲದ ಸಾಮಿಯಾರು, ಇಲ್ಲಿನ ಚರ್ಚಿನ ಪಾದ್ರಿಗಳು, ಮೈಸೂರಿಗೆ ಹೋಗಿದ್ದಾರೆ, ಸಂಜೆಗೆ ಬರುತ್ತಾರಂತೆ, ಸಂಜೆಯೆಂದರೆ ಈ ಉಸಿರಿಗೆ ಎಷ್ಟು ದೂರ. ನಮ್ಮೂರ ಕೋಯಿಲಿನ ಉಪದೇಶಿ ಚಿನ್ನಪ್ಪ ಫೋನಿನಲ್ಲಿ ಹೇಳಿದ, ಕಾಯ್ಬ್ಯಾಡಕ್ಕ, ಜೀವಕ್ಕೆ ಅಪಾಯ ಇದ್ರೆ ಯಾರ್ ಬೇಕಾದ್ರೂ ಜ್ಞಾನಸ್ನಾನ ಕೊಡ್ಬೋದು, ಬೆರಳು ಒದ್ದೆ ಮಾಡಿ ಸವರಿದ್ರೆ ಆಗಲ್ಲ, ನೀರು ಹರೀಬೇಕು, ಎಸ್ರು ಏಳ್ಬೇಕು, ಪಿತ ಸುತ ಪವಿತ್ರಾತ್ಮರ ನಾಮ ಏಳ್ಬೇಕು, ಅಷ್ಟೇ, ಆಕ್ಬುಡು. ಹಾಕಿಬಿಡು ಎನ್ನುವುದು ಸುಲಭ. ವಾರ್ಡಿಗೆ ಹೋಗಿ ಸಗಾಯಳ ಹತ್ತಿರ ಮೆಲ್ಲಗೆ ಹೇಳಿದೆ, ಸಲೈನಿನ ಕೈ ಎತ್ತಿ ನನ್ನ ಮಣಿಕಟ್ಟು ಹಿಡಿದಳು, ಮನೆಯಲ್ಲಿ ನಮ್ಮದು ತಮಿಳು, ಸಂತೆಗೆ ಕನ್ನಡ, ಸಂಕಟಕ್ಕೆ ಎರಡೂ, ವೇಣಾಮ್ಮಾ, ಬ್ಯಾಡಮ್ಮ, ನೀರು ಆಕ್ಬ್ಯಾಡ, ಸಾಯೋ ಕೂಸ್ಗೆ ಅಲ್ವಾ ಅಂಗೆ ಅವಸರ್ದಲ್ಲಿ ಆಕೋದು, ಆಕಿದ್ರೆ ನಾವೇ ಕೈ ಬುಟ್ಟಂಗೆ, ನನ್ ಮಗೂಗೆ ಕೋಯಿಲಲ್ಲಿ ಬಿಳೀ ಬಟ್ಟೆ ಆಕಿ, ಮೇಣದಬತ್ತಿ ಇಡ್ಕಂಡು, ಎಲ್ರ ಮುಂದೆ ಆಗ್ಬೇಕು, ನೀನು ಆಕಿದ್ರೆ ನಿನ್ ಕೂಡೆ ಮಾತಾಡಲ್ಲ. ಆ ಬಾತ ಮುಖದಲ್ಲಿ ಕಣ್ಣು ಮಾತ್ರ ನನ್ನ ಸಗಾಯಳದು. ಹಾಕುವುದಿಲ್ಲ ಎಂದೆ, ಎಂದು ಹೊರಗೆ ಬಂದು ಬಾಟ್ಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಯಾಕೆಂದರೆ ಮಗು ತಣ್ಣಗಾಗಬಾರದು ಅಂದಿದ್ದರು, ತೀರ್ಥ ತಣ್ಣಗಿತ್ತು, ಹಾಕದ ನೀರನ್ನು ಬೆಚ್ಚಗೆ ಮಾಡಿಟ್ಟುಕೊಳ್ಳುವ ಹೆಂಗಸು ನಾನು.

ಬಂತು, ಹೋಯಿತು, ಬಂತು. ಜಪಸರವಿಲ್ಲದ ಕೈಗೆ ಕೆಲಸವಿಲ್ಲ, ಹಾಗಾಗಿ ಇವಳ ಉಸಿರನ್ನೇ ಮಣಿ ಮಾಡಿಕೊಂಡಿದ್ದೇನೆ, ಒಂದು ಉಸಿರಿಗೆ ಜಪದ ಅರ್ಧ, ಇನ್ನೊಂದಕ್ಕೆ ಉಳಿದರ್ಧ, ಇವಳು ಬೇಗ ಬೇಗ ಎಳೆದರೆ ನಾನೂ ಬೇಗ ಬೇಗ ಹೇಳುತ್ತೇನೆ, ಮಾತೆಗೆ ಅರ್ಥವಾದರೆ ಸಾಕು. ಸಂತ ಅಂತೋಣಿಯವರನ್ನು ಈ ಸಲ ಕರೆದಿಲ್ಲ, ಅವರಿಗೂ ನನಗೂ ಸ್ವಲ್ಪ ಮುನಿಸು, ಗಂಡ ಸವರಿಮುತ್ತು ಕಲ್ಲು ಕ್ವಾರಿಯಲ್ಲಿ ಜಾರಿಬಿದ್ದು ಮೂರು ವಾರ ಮಲಗಿದ್ದಾಗ ಹದಿಮೂರು ಮಂಗಳವಾರ ಹರಕೆ ಕಟ್ಟಿಕೊಂಡಿದ್ದೆ, ಅದು ಮುಗಿಯುವವರೆಗೆ ಗಂಡನನ್ನು ಉಳಿಸಬಾರದೇ ಆ ಸಂತ, ಉಳಿಸಲಿಲ್ಲ, ಮಣ್ಣು ಮಾಡಿ ಬಂದವಳೇ ಗೋಡೆಯ ಮೇಲಿನ ಪಟವನ್ನು ತಿರುಗಿಸಿ ಹಾಕಿದೆ, ಗೋಡೆ ನೋಡಿಕೊಂಡು ನಿಂತಿರಿ ಎಂದೆ, ವರ್ಷವಿಡೀ ಹಾಗೇ ಇದ್ದರು ಪಾಪ, ಕೈಯಲ್ಲಿ ಬಾಲಯೇಸುವನ್ನು ಎತ್ತಿಕೊಂಡು. ಕೋಯಿಲಿಗೆ ಹೋಗುವುದನ್ನೂ ಬಿಟ್ಟೆ. ಆದರೆ ಒಂದನ್ನು ಬಿಡಲಾಗಲಿಲ್ಲ, ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಮಡಕೆಗೆ, ಕೋಯಿಲಿನ ಬಡವರಿಗೆ, ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುವ ಹಿಡಿಯಕ್ಕಿ ಮಡಕೆ, ಕೈ ತಾನಾಗಿ ಹೋಗುತ್ತಿತ್ತು, ಮನಸ್ಸು ದೇವರ ಮೇಲೆ ಉರಿಯುತ್ತಿತ್ತು, ಕೈ ಮಾತ್ರ ಹಿಡಿ ತೆಗೆದು ಹಾಕುತ್ತಿತ್ತು, ನಿಲ್ಲಿಸು ಎಂದರೂ ನಿಲ್ಲುತ್ತಿರಲಿಲ್ಲ. ಆ ವರ್ಷದ ಕೊನೆಗೆ ಚಿನ್ನಪ್ಪ ಮಡಕೆ ಇಳಿಸಿಕೊಂಡು ಹೋಗಲು ಬಂದವನು ಮನೆಯೊಳಗೆ ಕಣ್ಣಾಡಿಸಿ, ತಳ ಕಂಡ ನನ್ನ ಅಕ್ಕಿ ಡಬ್ಬ ನೋಡಿ, ಮಡಕೆ ಹೊತ್ತು ಹೋದ, ಮಾರನೆಯ ದಿನ ಊರಿನ ಹಿಡಿಯಕ್ಕಿಯೆಲ್ಲ ಸೇರಿದ ಮೂಟೆಯೊಂದು ನನ್ನ ಜಗಲಿಯ ಮೇಲಿತ್ತು, ನನ್ನ ಅಕ್ಕಿಯೂ ಅದರಲ್ಲೇ ಇತ್ತಲ್ಲ, ನಾನೇ ಹಾಕಿದ್ದು ನನಗೇ ಬಂದಿತ್ತು, ಊರವರ ಕೈ ಮುಟ್ಟಿಸಿಕೊಂಡು. ಅಕ್ಕಿಗಾಗಿ ಅಲ್ಲ ನಾನು ಅತ್ತದ್ದು, ಬಿಟ್ಟೆನೆಂದುಕೊಂಡಿದ್ದರೂ ಬಿಟ್ಟಿರಲಿಲ್ಲವಲ್ಲ ಎಂದು. ಅವತ್ತು ಸಂತರನ್ನು ಈ ಕಡೆಗೆ ತಿರುಗಿಸಿದೆ, ಮುಖಕ್ಕೆ ಜೇಡರ ಬಲೆ ಹಿಡಿದಿತ್ತು, ಸೆರಗಿನಲ್ಲಿ ಒರೆಸಿದೆ. ಕೇಳಿದ್ದು ಸಿಗುವುದಿಲ್ಲ, ಅದು ನನಗೆ ಗೊತ್ತಿದೆ, ಯಾರೂ ಬಂದು ಹೇಳಿಕೊಡಬೇಕಿಲ್ಲ, ಆದರೂ ಕೇಳುತ್ತಲೇ ಇದ್ದೇನೆ, ಇವಳನ್ನು ಕೊಡು, ಇವಳನ್ನು ಕೊಡು, ಬೇರೆ ಏನನ್ನೂ ಕೊಡಬೇಡ, ಇವಳನ್ನು ಕೊಡು.

ಪಕ್ಕದ ಕುರ್ಚಿಯವರು ಕೆಮ್ಮಿದರು, ಕೆಮ್ಮಬೇಡಿ ಮಾರಾಯರೇ, ಇವಳು ಬೆಚ್ಚುತ್ತಾಳೆ. ಅಜ್ಜೀಪುರದ ಕೆಂಪನಂಜಪ್ಪ, ಹುರಿಮೀಸೆ, ಎದೆತುಂಬ ನರೆಕೂದಲು, ಅದರ ಮೇಲೆ ಮಗಳ ಮಗ ಕವುಚಿ ಮಲಗಿದ್ದಾನೆ, ನಮ್ಮವಳಿಗಿಂತ ಗಟ್ಟಿ ಕೂಸು, ಅದಕ್ಕೆ ಉಸಿರಿನ ತಾಪತ್ರಯವಿಲ್ಲ, ತೂಕ ಬರಬೇಕಷ್ಟೆ. ಜೀವಮಾನದಲ್ಲಿ ಕೂಸು ಎತ್ತಿದೋನಲ್ಲ ಕಣ್ರವ್ವ ನಾನು, ಈಗ ನೋಡಿ, ಕೋಳಿ ಕಾವು ಕೂತಂಗೆ ಕೂರ್ಸವ್ರೆ ಎಂದು ಬೆಳಿಗ್ಗೆ ಹೇಳಿ ತಾನೇ ನಕ್ಕಿದ್ದರು, ನನಗೂ ನಗು ಬಂತು, ಈ ಕೋಣೆಯಲ್ಲಿ ನಗುವುದು ತಪ್ಪೇನೋ ಎಂದು ಇಬ್ಬರೂ ನಗು ನುಂಗಿಕೊಂಡೆವು. ಹೆಸರು ಕೇಳಿದರು, ಮಹದೇವಮ್ಮ ಎಂದೆ, ಅಂಗಾದ್ರೆ ನಮ್ಮೋರೇಯ, ಮಾದಪ್ಪನ ಒಕ್ಕಲು ಅನ್ನಿ ಎಂದು ಗುಂಡಿ ಬಿಚ್ಚಿದ ಅಂಗಿಯ ಜೇಬಿನಿಂದ ವಿಭೂತಿ ಪೊಟ್ಟಣ ತೆಗೆದರು, ಕೂಸಿನ ಹಣೆಗೆ ಇಡಲು. ಇಲ್ಲಣ್ಣ, ನಾವು ಕೋಯಿಲಿನವರು, ಮಾರ್ಟಳ್ಳಿ ಮಾತೆ ಕೋಯಿಲು ಎಂದೆ. ಅವರು ನನ್ನನ್ನೂ ಪೊಟ್ಟಣವನ್ನೂ ನೋಡಿದರು, ಎಸ್ರು ಮಹದೇವಮ್ಮ ಅಂದ್ರಲ್ಲ. ಎಷ್ಟು ಸಲ ಹೇಳಿದ್ದೇನೋ ಈ ಕಥೆಯನ್ನು, ಸ್ಕೂಲಿನಲ್ಲಿ ಮಕ್ಕಳು ಕೋಯಿಲ್ ಮಾದೇವಿ ಎಂದು ಕಿಚಾಯಿಸುತ್ತಿದ್ದವು, ಮದುವೆಗೆ ಹೆಣ್ಣು ನೋಡಲು ಬಂದವರು ಹೆಸರು ಕೇಳಿ ತಟ್ಟೆಯ ಮೇಲಿಟ್ಟ ಕೈ ಹಿಂದಕ್ಕೆ ತೆಗೆದರು, ಎಲ್ಲರಿಗೂ ಹೇಳಿ ಹೇಳಿ ಸವೆದ ಕಥೆ. ನಾನೂ ಹೀಗೇ ಅಂತೆ, ಹುಟ್ಟುವಾಗ ನೀಲಿ, ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡು, ಸದ್ದಿಲ್ಲದೆ. ಸೂಲಗಿತ್ತಿ ಪುಟ್ಟಬಸಮ್ಮ, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಊರಿನ ಅಷ್ಟೂ ಹೆರಿಗೆಗೆ ಆಕೆಯದೇ ಕೈ, ಕೋಯಿಲಿನವರ ಮನೆಗೂ ಆಕೆಯೇ ಬರಬೇಕು. ಆಗಿನ ಸಾಮಿಯಾರು ಆಕೆಯನ್ನು ಕೂರಿಸಿಕೊಂಡು ಕಲಿಸಿದ್ದರಂತೆ, ತಾಯೀ, ನಮ್ಮ ಕೂಸು ಯಾವುದಾದರೂ ಕೈಮೀರುವಂತೆ ಕಂಡರೆ ನನಗೆ ಹೇಳಿ ಕಳಿಸುವಷ್ಟು ಪುರುಸೊತ್ತು ಇರುವುದಿಲ್ಲ, ನೀರು ಹೊಯ್ದು ಹೀಗೆ ಹೇಳು, ನಿನ್ನ ದೇವರು ಬೇರೆ ಆದರೂ ಅಡ್ಡಿಯಿಲ್ಲ, ಮನಸ್ಸು ಇದ್ದರೆ ನಡೆಯುತ್ತದೆ ಎಂದು. ಆಕೆ ಮಾತನ್ನು ಚೆನ್ನಾಗಿಯೇ ಕಲಿತಿದ್ದಳು, ಒಂದಕ್ಷರ ತಪ್ಪಿಲ್ಲ, ಆದರೆ ಹೆಸರು ಹೇಳುವ ಕಡೆ ಬಂದಾಗ ಮನೆಯವರು ಯಾವ ಹೆಸರನ್ನೂ ನಿಶ್ಚಯ ಮಾಡಿರಲಿಲ್ಲ, ಅಮ್ಮನಿಗೆ ಪ್ರಜ್ಞೆಯಿಲ್ಲ, ಕೂಸು ಕೈಯಲ್ಲಿ ಜಾರುತ್ತಿದೆ, ಹೆರಿಗೆಯ ಹೊತ್ತಿಡೀ ಮಾದಪ್ಪಾ ಮಾದಪ್ಪಾ ಎಂದುಕೊಳ್ಳುತ್ತಿದ್ದ ಬಾಯಿಯಿಂದ ಬಂದುಬಿಟ್ಟಿತು, ಮಹದೇವಮ್ಮಾ. ಸಾಮಿಯಾರು ಬಂದು ವಿಚಾರಿಸಿ ತಲೆ ಕೆರೆದುಕೊಂಡರಂತೆ, ನೀರು ಹರಿದಿದೆ, ಮಾತು ಸರಿಯಿದೆ, ಮನಸ್ಸು ಸರಿಯಿದೆ, ಜ್ಞಾನಸ್ನಾನ ಎರಡು ಸಲ ಕೊಡುವ ಹಾಗಿಲ್ಲ, ಇರಲಿ, ಮುಂದೆ ಮೇರಿ ಎಂದು ಸೇರಿಸಿಕೊಳ್ಳಿ ಎಂದು ನಕ್ಕರಂತೆ. ಕೆಂಪನಂಜಪ್ಪ ಕಥೆ ಕೇಳಿ ಮೀಸೆಯೊಳಗೇ ನಕ್ಕು, ವಿಭೂತಿ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ಅಂಗಾದ್ರೂ ನಮ್ಮೋರೇಯ ಬುಡಿ ಎಂದರು.

ಬಂತು, ಹೋಯಿತು — ಬಂತೇ, ಎಲ್ಲಿ, ಬರಲಿಲ್ಲ, ಕುತ್ತಿಗೆಯ ಹತ್ತಿರ ಬೆಚ್ಚಗಿಲ್ಲ, ಸೆರಗು ಸರಿಸಿ ನೋಡು, ಬೆನ್ನು ನಿಂತಿದೆ, ಬೆನ್ನಿನ ಮೂಳೆಗಳು ನಿಂತಿವೆ, ಗೋಡೆಯ ಮೇಲಿನ ಯಂತ್ರ ಕೂಗತೊಡಗಿತು, ಅಂಗಾಲು, ಅಂಗಾಲು ಎಲ್ಲಿ, ಇಲ್ಲಿ, ಚಿಟುಕಿ, ಇಷ್ಟು ಸಣ್ಣ ಅಂಗಾಲಿಗೆ ಎಷ್ಟು ಜೋರು ಹೊಡೆಯುವುದು, ಇನ್ನೊಂದು, ಸಿಸ್ಟರ್, ಸಿಸ್ಟರೇ — ಬಂತು. ಒಂದು ದೊಡ್ಡದು, ಬಿಕ್ಕಿದ ಹಾಗೆ, ಆಮೇಲೆ ಸಣ್ಣ ಸಣ್ಣವು ಸಾಲಾಗಿ. ಪದ್ಮಿನಿ ಬಂದು ಕತ್ತು ನೇರ ಮಾಡಿ, ಯಂತ್ರದ ಗುಂಡಿ ಒತ್ತಿ, ಸರಿಯಾಗೇ ಮಾಡಿದ್ರಿ, ಇಂಗೇ ಆಯ್ತಿರ್ತದೆ, ಎದ್ರುಕೋಬೇಡಿ ಎಂದು ಬೆನ್ನು ತಟ್ಟಿ ಹೋದಳು, ಹೆದರಿಕೋಬೇಡಿ ಎಂದರೆ ಹೆದರದೆ ಇರುವುದು ಹೇಗೆ. ಆಡು ಮರಿ ಹಾಕಿದಾಗ ಹೀಗೇ ಆಗಿದ್ದುಂಟು, ಮರಿ ಉಸಿರೆತ್ತದೆ ಬಿದ್ದಿದ್ದರೆ ಮೂಗಿಗೆ ಹುಲ್ಲುಕಡ್ಡಿ ಆಡಿಸುತ್ತೇನೆ, ಹಿಂಗಾಲು ಹಿಡಿದು ತೂಗುತ್ತೇನೆ, ಒಣಹುಲ್ಲಿನಲ್ಲಿ ಉಜ್ಜುತ್ತೇನೆ, ಎಷ್ಟೋ ಮರಿ ಎದ್ದು ನಿಂತಿವೆ, ಎಷ್ಟೋ ಎದ್ದಿಲ್ಲ, ಎದ್ದವು ಯಾಕೆ ಎದ್ದವು, ಏಳದವು ಯಾಕೆ ಏಳಲಿಲ್ಲ, ಅದನ್ನು ಇದುವರೆಗೆ ಕಂಡುಹಿಡಿದಿಲ್ಲ. ಮತ್ತೆ ಮರೆತರೆ, ಚಿಟುಕಿಗೆ ಏಳದಿದ್ದರೆ, ನೀರು ಬೀಳದೆ, ಹೆಸರಿಲ್ಲದೆ ಹೋದರೆ, ಹಾಗೆ ಹೋದ ಕೂಸನ್ನು ಪರಲೋಕದ ತಂದೆ ಬಾಗಿಲಲ್ಲಿ ನಿಲ್ಲಿಸುತ್ತಾನೆಯೇ, ನಿಲ್ಲಿಸಲಿಕ್ಕಿಲ್ಲ, ಈಗಿನ ಸಾಮಿಯಾರು ಹಾಗೆಲ್ಲ ಹೆದರಬೇಡಿ, ದೇವರು ನಿಮಗಿಂತ ಕರುಣೆಯುಳ್ಳವನು ಎನ್ನುತ್ತಾರೆ, ಇರಬಹುದು, ಆದರೆ ಸೊಂಟದಲ್ಲಿ ಬಾಟ್ಲಿ ಇಟ್ಟುಕೊಂಡು ಕೂತ ಅಜ್ಜಿಯನ್ನು ಅವನು ಏನಾದರೂ ಕೇಳಿಯೇ ಕೇಳುತ್ತಾನೆ, ನಾನಾದರೂ ಕೇಳುತ್ತೇನೆ. ಹಾಕಿದರೋ, ಸಗಾಯ ಹೇಳಿದ್ದೂ ಸುಳ್ಳಲ್ಲ, ಹಾಕಿದ ಮೇಲೆ ನನ್ನ ಕೈ ಸಡಿಲಾಗುತ್ತದೆ, ಆಯಿತು ಇನ್ನು ಹೋಗುವುದಿದ್ದರೆ ಹೋಗಲಿ ಎಂದು ಒಳಗೆಲ್ಲೋ ಒಬ್ಬಳು ಎದ್ದು ಸೆರಗು ಕೊಡವಿಬಿಡುತ್ತಾಳೆ, ಆ ಒಬ್ಬಳಿಗೆ ನಾನು ಹೆದರುತ್ತೇನೆ. ನೀಲಿ ಕಿರೀಟ ಸೊಂಟಕ್ಕೆ ಒತ್ತುತ್ತಿದೆ, ಹಾಕು ಎಂದೋ ಹಾಕಬೇಡ ಎಂದೋ, ಪ್ಲಾಸ್ಟಿಕ್ಕಿಗೆ ಬಾಯಿಲ್ಲ. ಕೆಂಪು ಪಾದ ಬೆಳಗುತ್ತಿದೆ, ಅಲ್ಲಾಡುತ್ತಿಲ್ಲ.

ಕಿಟಕಿಯಾಚೆ ಎಳನೀರಿನವನು ಮಚ್ಚಿನಿಂದ ಕಾಯಿ ಕೆತ್ತುವ ಸದ್ದು, ಬಸ್‌ಸ್ಟ್ಯಾಂಡಿನಿಂದ ಮಾದಪ್ಪನ ಮಲೆಗೆ ಹೋಗುವ ಬಸ್ಸಿನ ಕೂಗು, ಹನೂರು, ಕೌದಳ್ಳಿ, ಬೆಟ್ಟ, ಬೆಟ್ಟ — ಪುಟ್ಟಬಸಮ್ಮ ಬೆಟ್ಟಕ್ಕೆ ಹೋಗಿಬಂದರೆ ನಮಗೂ ಪುರಿ ಕಡಲೆ ತರುತ್ತಿದ್ದಳು. ನಮ್ಮ ಹಬ್ಬಕ್ಕೆ ಅಮ್ಮ ಆಕೆಯನ್ನು ಕರೆದು ಚಾಪೆ ಹಾಸಿ ಕೂರಿಸುತ್ತಿದ್ದಳು, ನಮ್ಮ ಒಲೆಯಲ್ಲಿ ಬೇಯಿಸಿದ್ದನ್ನು ಆಕೆ ತಿನ್ನುತ್ತಿರಲಿಲ್ಲ, ಬಾಳೆಹಣ್ಣು ಬೆಲ್ಲ ಮಾತ್ರ, ಅದಕ್ಕೆ ಯಾರಿಗೂ ಬೇಸರವಿರಲಿಲ್ಲ. ನನ್ನನ್ನು ಹತ್ತಿರ ಎಳೆದು ತಲೆ ಮೂಸುತ್ತಿದ್ದಳು, ನಾನಿಟ್ಟ ಎಸ್ರಿಗೆ ಏನಾದ್ರೂ ಕೆಟ್ಟೆಸ್ರು ತಂದೀಯೇನಮ್ಮಿ ಎಂದು. ಅಮ್ಮ ಆಕೆಯ ಕೈ ಹಿಡಿದು ಒಮ್ಮೆ ಕೇಳಿದಳು, ನಾನು ಆಗ ಲಂಗ ಹಾಕುವ ಹುಡುಗಿ, ಬಾಗಿಲ ಬಳಿ ನಿಂತು ಬೆಲ್ಲ ಚೀಪುತ್ತಿದ್ದೆ, ಬಸಮ್ಮ, ಅವತ್ತು ಇವಳು ಉಳಿಯಲ್ಲ ಅಂತ ಅಲ್ವಾ ನೀರು ಹೊಯ್ದದ್ದು ಎಂದು. ಆಕೆ ಬಾಳೆಹಣ್ಣಿನ ಸಿಪ್ಪೆ ಮಡಚಿ ಪಕ್ಕಕ್ಕಿಟ್ಟು — ಏನಂದಳು, ನೆನಪಿಸಿಕೋ, ಆ ಮಾತು ಇಷ್ಟು ವರ್ಷ ಎಲ್ಲಿತ್ತು, ಬೆಲ್ಲದ ರುಚಿ ನೆನಪಿದೆ, ಆಕೆಯ ತುಟಿ ಅಲ್ಲಾಡಿದ್ದು ನೆನಪಿದೆ — ನಿಮ್ ಸಾಮೇರು ಅಂಗೇ ಏಳಿದ್ರು ಕಣವ್ವ, ನಾ ಅಂಗೆ ಅಂದ್ಕಂಡು ಉಯ್ಲಿಲ್ಲ, ಉಸ್ರು ಕಟ್ಟಿದ ಕೂಸು, ನೀರು ಬಿದ್ರೆ ಬೆಚ್ಚಿ ಬಿದ್ದು ಉಸ್ರು ಎಳ್ಕತದೆ ಅಂತ ಉಯ್ದೆ, ಎಸ್ರು ಕೂಗಿದ್ರೆ ತಿರುಗಿ ನೋಡ್ತದೆ ಅಂತ ಕೂಗ್ದೆ, ಸಾಯೋದ್ಕೆ ಯಾರಾರಾ ಎಸ್ರಿಡ್ತಾರಾ. ಅಮ್ಮ ಅತ್ತಳು, ನನಗೆ ಅರ್ಥವಾಗಲಿಲ್ಲ, ಇನ್ನೊಂದು ಅಚ್ಚು ಬೆಲ್ಲ ಕದ್ದೆ. ಅಯ್ಯೋ ಪೆದ್ದಿ, ಅರವತ್ತು ದಾಟಿದ ಪೆದ್ದಿ, ಊರಿಗೆಲ್ಲ ಹೆಸರಿನ ಕಥೆ ಹೇಳಿ ನಗಿಸಿದೆ, ಕಥೆಯ ಕೊನೆಯನ್ನು ಯಾವತ್ತಾದರೂ ನೋಡಿದೆಯಾ, ಅವಸರದಲ್ಲಿ ನೀರು ಬಿದ್ದ ಕೂಸು ನೀನೇ ಅಲ್ಲವೇ, ಸತ್ತೆಯಾ, ಇಲ್ಲಿ ಕೂತಿದ್ದೀಯ, ಗುಂಡುಕಲ್ಲಿನ ಹಾಗೆ, ಆಡು ಮೇಯಿಸಿದೆ, ಗಂಡನನ್ನು ಮಣ್ಣು ಮಾಡಿದೆ, ಮಗಳನ್ನು ಹೆತ್ತೆ, ದೇವರೊಡನೆ ಜಗಳವಾಡಿದೆ, ಕೈ ಬಿಟ್ಟ ಕೂಸು ಇಷ್ಟೆಲ್ಲ ಮಾಡುತ್ತದೆಯೇ. ಅದು ಕೈ ಬಿಡುವುದಲ್ಲ ಸಗಾಯ, ಕೂಗಿ ಕರೆಯುವುದು. ನನಗೆ ಎದೆ ತುಂಬಿ ಬಂತು, ನಿಜವಾಗಿಯೂ ತುಂಬಿ ಬಂತು, ಇವಳು ಅದರ ಮೇಲೆ ಮಲಗಿದ್ದರಿಂದ ಇವಳೂ ಮೇಲೆದ್ದು ಕೆಳಗಿಳಿದಳು.

ಗಾಜಿನ ಬಾಗಿಲಾಚೆ ಉದಯಕುಮಾರ, ಅದೇ ಕೊಳೆಯಾದ ಅಂಗಿ, ವಾರ್ಡಿಗೂ ಇಲ್ಲಿಗೂ ಓಡಾಡಿ ಓಡಾಡಿ ಸೋತ ಮುಖ, ಪದ್ಮಿನಿಯನ್ನು ಬೇಡಿಕೊಂಡೆ, ಬಾಗಿಲು ಒಂದು ಗೇಣು ತೆಗೆಸಿದೆ, ಪುಟ್ಟಬಸಮ್ಮನ ಮಾತನ್ನು ಹೇಳಿ ಕಳಿಸಿದೆ, ಒಂದು ಮಾತೂ ಬಿಡದೆ ಹಾಗೇ ಹೇಳಬೇಕು, ನಿನ್ನ ಅಮ್ಮನೂ ಹೀಗೇ ಬದುಕಿದವಳು ಎಂದು ಹೇಳು, ಆದರೂ ಬೇಡ ಎಂದರೆ ಬೇಡ, ನಾನು ಹಾಕುವುದಿಲ್ಲ. ಅವನು ತಲೆಯಾಡಿಸಿ ಓಡಿದ. ಪದ್ಮಿನಿ ಬಾಟ್ಲಿಯ ಕಡೆ ನೋಡಿ, ನಿಮ್ಮೂರಿಂದ ಬಂದೋರ ಹತ್ರ ಇದು ಇದ್ದೇ ಇರ್ತದೆ, ಬೆಚ್ಚಗಿರ್ಬೇಕು, ನಾಕು ಹನಿ ಅಷ್ಟೇ, ತಕ್ಷಣ ಒರೆಸ್ಬೇಕು ಎಂದು ಬಾಯಿಗೆ ಕಟ್ಟಿದ ಬಟ್ಟೆಯೊಳಗೇ ಹೇಳಿ ಇನ್ನೊಂದು ಕೂಸಿನ ಕಡೆ ಹೋದಳು. ಎಷ್ಟು ಹೊತ್ತು, ವಾರ್ಡು ಅಷ್ಟು ದೂರವೇನಲ್ಲ, ಅವಳು ಅಳುತ್ತಿರಬಹುದು, ಅಥವಾ ಸಿಟ್ಟಿನಲ್ಲಿ ಗೋಡೆ ಕಡೆ ತಿರುಗಿರಬಹುದು, ಗೋಡೆ ನೋಡುವುದು ನಮ್ಮ ಮನೆಯ ಅಭ್ಯಾಸ, ಬಂತು, ಹೋಯಿತು, ಬಂತು, ಬಂದ, ಉದಯಕುಮಾರ ಬಂದ, ಬಾಗಿಲ ಸಂದಿಗೆ ಬಾಯಿ ಇಟ್ಟು ಅತ್ತೇ ಎಂದ, ಉಸಿರು ಸಿಗುತ್ತಿಲ್ಲ ಅವನಿಗೂ, ಅತ್ತೆ, ಸಗಾಯ ಎಲ್ಲಾನೂ ಕೇಳುಸ್ಕಂಡು ಇದೊಂದೇ ಕೇಳುದ್ಲು, ನೀರು ಬೆಚ್ಚಗೈತಾ ಅಂತ. ನೀರು ಬೆಚ್ಚಗಿದೆಯಾ. ಇದೆ ಮಗಳೇ, ನಿನ್ನೆಯಿಂದ ನನ್ನ ಸೊಂಟದಲ್ಲೇ ಇದೆ, ನನ್ನ ಮೈಯಷ್ಟೇ ಬೆಚ್ಚಗಿದೆ, ಹೇಳು ಹೋಗಿ, ಹೆಸರು ಏನು ಇಡಬೇಕಂತೆ ಅದನ್ನೂ ಕೇಳಿಕೊಂಡು ಬಾ ಎನ್ನುವಷ್ಟರಲ್ಲಿ ಅವನು ಅರ್ಧ ಕೇಳಿಸಿಕೊಂಡೇ ಓಡಿದ, ಬಂತು, ಹೋಯಿತು, ನಾನು ಬಾಗಿಲ ಕಡೆ ನೋಡುತ್ತಿದ್ದೆ, ನಿಂತಿತು. ಯಂತ್ರ ಕೂಗಿತು. ಅಂಗಾಲು, ಚಿಟುಕಿ, ಇಲ್ಲ, ಇನ್ನೊಂದು ಚಿಟುಕಿ, ಇಲ್ಲ, ತುಟಿಯ ಸುತ್ತ ನೀಲಿ ಏರುತ್ತಿದೆ, ಸಿಸ್ಟರೇ ಎಂದು ಕೂಗಿದ್ದು ಕೆಂಪನಂಜಪ್ಪ, ಒಂದು ಕೈ ಇವಳ ಬೆನ್ನಿಗೆ, ಒಂದು ಕೈ ಸೊಂಟಕ್ಕೆ, ಬಾಟ್ಲಿ ಬಂತು, ಕಿರೀಟ ತಿರುಗುತ್ತಿಲ್ಲ, ಕ್ಷಮಿಸು ತಾಯೀ, ಹಲ್ಲಿನಲ್ಲಿ ಕಚ್ಚಿ ತಿರುಗಿಸಿದೆ, ಉಗಿದೆ, ಎಲ್ಲೋ ಉರುಳಿತು, ಇವಳ ಬೋಳುನೆತ್ತಿಯ ಮೇಲೆ, ಹರಿಯಬೇಕು, ಹೆಸರು, ಹೆಸರಿಲ್ಲ, ಯಾರೂ ಹೇಳಿಲ್ಲ, ಬಾಯಿ ತೆರೆದಿದೆ, ಬಂದದ್ದು ಬರಲಿ — ಪುಟ್ಟಬಸಮ್ಮಾ, ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ, ಪಿತನ, ನೀರು, ಸುತನ, ನೀರು, ಪವಿತ್ರಾತ್ಮರ, ನೀರು, ನಾಮದಲ್ಲಿ, ಬಾ, ತಿರುಗಿ ನೋಡು, ಪುಟ್ಟಬಸೀ, ಬಾರೇ.

ಹಣೆ ಸುಕ್ಕಾಯಿತು. ಇಷ್ಟು ಹೊತ್ತು ಒಂದು ಗೆರೆಯೂ ಇಲ್ಲದಿದ್ದ ಮುಖ ಮುದುಡಿ, ಹುಬ್ಬಿಲ್ಲದ ಹುಬ್ಬು ಗಂಟಿಕ್ಕಿ, ಸವರಿಮುತ್ತುವಿಗೆ ಸಾರು ಸಪ್ಪೆಯಾದಾಗ ಬರುತ್ತಿದ್ದ ಅದೇ ಸಿಡುಕು, ಬಾಯಿ ಚೌಕವಾಗಿ ತೆರೆದು, ಸದ್ದು ಬಂತು, ಬೆಕ್ಕಿನ ಮರಿಯದಕ್ಕಿಂತ ಚಿಕ್ಕ ಸದ್ದು, ಆದರೆ 'ಯಾರದು ನನ್ನ ತಲೆಗೆ ನೀರು ಹಾಕಿದ್ದು' ಎನ್ನುವ ಸದ್ದು, ಹುಟ್ಟಿದಾಗಿನಿಂದ ಅಳದವಳು ಅಳುತ್ತಿದ್ದಾಳೆ, ಪದ್ಮಿನಿ ಮೂಗಿಗೆ ಹಿಡಿಯಲು ತಂದ ಆಕ್ಸಿಜನ್ ಮಾಸ್ಕನ್ನು ಕೈಯಲ್ಲೇ ಇಟ್ಟುಕೊಂಡು ನಿಂತಿದ್ದಾಳೆ, ಒರೆಸುತ್ತಿದ್ದಾಳೆ, ಗೋಡೆಯ ಯಂತ್ರ ತಾನಾಗಿ ಸುಮ್ಮನಾಯಿತು, ಕೆಂಪನಂಜಪ್ಪ ಕಾಲಿನಿಂದ ನೀಲಿ ಕಿರೀಟವನ್ನು ನನ್ನ ಕಡೆಗೆ ತಳ್ಳುತ್ತಾ, ಏನ್ ಎಸ್ರು ಅಂದ್ರಿ, ಇನ್ನೊಂದ್ ಸತಿ ಏಳಿ ಎನ್ನುತ್ತಿದ್ದಾರೆ, ಅವರ ಮೀಸೆ ಒದ್ದೆಯಾಗಿದೆ, ಉದಯಕುಮಾರ ಮತ್ತೆ ಓಡಿ ಬರುತ್ತಿದ್ದಾನೆ, ಯಾವುದೋ ಚೆಂದದ ಹೆಸರು ಹೊತ್ತು ತರುತ್ತಿದ್ದಾನೆ, ಅಯ್ಯೋ, ಎರಡು ಸಲ ಕೊಡುವ ಹಾಗಿಲ್ಲವಲ್ಲ, ಸಗಾಯ ನನ್ನನ್ನು ಕೊಲ್ಲುತ್ತಾಳೆ, ಕೊಲ್ಲಲಿ, ಬೈಯಲಿ, ಜೀವಮಾನವಿಡೀ ಬೈಯಲಿ, ಇವಳೂ ಬೈಯಲಿ, ಸ್ಕೂಲಿನಿಂದ ಬಂದು ಚೀಲ ಎಸೆದು ಬೈಯಲಿ, ಸಂಜೆ ಸಾಮಿಯಾರು ಬರುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ, ಹೇಳುತ್ತೇನೆ, ನೀರು ಹರಿದಿದೆ ಎನ್ನುತ್ತೇನೆ, ಬೆಚ್ಚಗಿತ್ತು ಎನ್ನುತ್ತೇನೆ, ನಾಳೆ ಏನೋ ನನಗೆ ಗೊತ್ತಿಲ್ಲ, ನಾಡಿದ್ದು ಏನೋ ಗೊತ್ತಿಲ್ಲ — ಏನದು, ಹೊಟ್ಟೆಗೆ ತಾಗಿದ್ದು, ಉಸಿರಲ್ಲ, ಉಸಿರು ಮೇಲಿದೆ, ಇದು ಕೆಳಗೆ, ಸೆರಗಿನ ಅಂಚಿನಲ್ಲಿ, ಮತ್ತೆ ತಾಗಿತು, ಪಾದ, ನನ್ನ ಹೆಬ್ಬೆರಳಷ್ಟಿರುವ ಪಾದ, ದೀಪ ಸುತ್ತಿದ ಕೆಂಪು ಪಾದ, ಒದೆಯುತ್ತಿದೆ.